ಎರಡನೆಯ ನುಡಿಯ ಕಲಿಕೆ: ಹೈದರಾಬಾದಿನ ಇತಿಹಾಸ ಹೇಳುವ ಪಾಠ

ಅಮೀರ್‌ಪೇಟಿನಲ್ಲಿ ನೆಲೆಸಿರುವ ನಮಗೆ ಭಾಷೆ ಕಲಿಸುವೆವೆಂಬ ಫಲಕಗಳು ಹೊಸವಲ್ಲ. ಮೈತ್ರೀವನದ ಸುತ್ತಮುತ್ತ ಕಂಪ್ಯೂಟರ್ ವಿದ್ಯೆಯ ಜೊತೆಗೆ ಇಂಗ್ಲಿಷ್ ಮಾತುಗಾರಿಕೆಯನ್ನು ಕಲಿಸುವ ತರಗತಿಗಳೂ ಇವೆ. ಆದರೆ ನಮ್ಮಲ್ಲಿ ಬಹುಮಂದಿ ತೆಲುಗನ್ನು ಕಲಿತದ್ದು ಯಾವ ತರಗತಿಯಲ್ಲಿಯೂ ಅಲ್ಲ. ತರಕಾರಿ ಗಾಡಿಯ ಮುಂದೆ, ನೆರೆಮನೆಯವರೊಡನೆ, ನಮ್ಮಂಥ ಗುಮಾಸ್ತರಾದರೆ ಬ್ಯಾಂಕಿನ ಕೌಂಟರಿನ ಹಿಂದೆ. ಹಾಗಾದರೆ ಮನುಷ್ಯನು ಎರಡನೆಯ ಭಾಷೆಯನ್ನು ನಿಜವಾಗಿ ಕಲಿಯುವುದು ಹೇಗೆ? ಈ ಪ್ರಶ್ನೆಗೆ ನಾವು ನಿಂತ ನೆಲದ ಇತಿಹಾಸವೇ ಉತ್ತರ ಹೇಳಬಲ್ಲದು.

ಕರೀಂನಗರದ ಬಳಿಯ ಕುರಿಕ್ಯಾಲದಲ್ಲಿ ಬಂಡೆಯ ಮೇಲೊಂದು ಶಾಸನವಿದೆ. ಆದಿಕವಿ ಪಂಪನ ತಮ್ಮ ಜಿನವಲ್ಲಭನು 10ನೆಯ ಶತಮಾನದಲ್ಲಿ ಕೆತ್ತಿಸಿದ ಈ ಶಾಸನವು ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿಯೂ ಇದೆ. ಅಣ್ಣತಮ್ಮಂದಿರ ತಂದೆಯ ಮನೆತನ ವೆಂಗಿನಾಡಿನದು; ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಅಣ್ಣನಿಗೆ ಆಶ್ರಯ ದೊರೆತದ್ದು ಇಲ್ಲಿಯ ವೇಮುಲವಾಡದ ಅರಿಕೇಸರಿಯಲ್ಲಿ. ಎರಡು ನಾಡುಗಳ ನಂಟಿದ್ದ ಆ ಕುಟುಂಬದಲ್ಲಿ ಒಂದು ನುಡಿ ಇನ್ನೊಂದನ್ನು ಹೊರದೂಡಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನು ನಿಜಾಮರ ಕಾಲವನ್ನು ನೋಡೋಣ. ಹೈದರಾಬಾದ್ ಸಂಸ್ಥಾನದ 16 ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು: ಬೀದರ್, ಗುಲ್ಬರ್ಗ, ರಾಯಚೂರು. 19ನೆಯ ಶತಮಾನದ ಕೊನೆಯಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದು ಮಾಧ್ಯಮದಿಂದಲೇ ಆರಂಭವಾಯಿತು. ಅದಕ್ಕೆ ಬೇಕಾದ ಗ್ರಂಥಗಳನ್ನು ಒದಗಿಸಲು 1917ರಲ್ಲಿಯೇ ‘ದಾರುಲ್ ತರ್ಜುಮಾ’ ಎಂಬ ಭಾಷಾಂತರ ಶಾಖೆ ಏರ್ಪಟ್ಟಿತ್ತು. ದೇಶಭಾಷೆಯಲ್ಲಿ ಉನ್ನತ ವಿದ್ಯೆ ಸಾಧ್ಯವೆಂದು ತೋರಿಸಿದ ಈ ಸಾಹಸವು ಸ್ತುತ್ಯವೇ ಸರಿ. ಆದರೆ ಕನ್ನಡದ ಹುಡುಗನಿಗೆ ಪಾಠದ ವಿಷಯದೊಡನೆ ಪಾಠದ ಭಾಷೆಯನ್ನೂ ಕಲಿಯುವ ಇಮ್ಮಡಿ ಹೊರೆ ಬಿದ್ದಿತು. ಅವನು ಉರ್ದುವನ್ನು ಕಲಿತನೆಂಬುದು ನಿಜ. ಆದರೆ ತನ್ನ ನುಡಿಯಲ್ಲಿ ಓದಿ ಬರೆಯುವ ಅವಕಾಶ ಕುಗ್ಗಿತು. ಆದುದರಿಂದಲೇ ಇಲ್ಲಿಯ ಕನ್ನಡಿಗರು ನೃಪತುಂಗನ ಹೆಸರಿನಲ್ಲಿ ಶಾಲೆಯನ್ನೂ ಸಾಹಿತ್ಯ ಮಂದಿರವನ್ನೂ ಕಟ್ಟಿಕೊಳ್ಳಬೇಕಾಯಿತು.

ಈ ವಿಷಯದಲ್ಲಿ ಶಾಸ್ತ್ರಜ್ಞರು ಏನೆನ್ನುತ್ತಾರೆ? ಕಲಿಯುವವನ ತಪ್ಪುಗಳು ಬರಿಯ ಅಡ್ಡಾದಿಡ್ಡಿಯಲ್ಲ, ಅವುಗಳಿಗೂ ಒಂದು ಕ್ರಮವುಂಟು ಎಂದು 1972ರಲ್ಲಿ ಲ್ಯಾರಿ ಸೆಲಿಂಕರ್ ತೋರಿಸಿದರು. ನಮ್ಮವರು ಹಿಂದಿಯಲ್ಲಿ ‘ಬಸ್ ಆಯೀ’ ಎನ್ನುವ ಬದಲು ‘ಬಸ್ ಆಯಾ’ ಎನ್ನುವುದು ಅಜ್ಞಾನವಲ್ಲ. ಕನ್ನಡದಲ್ಲಿ ಬಸ್ಸಿಗೆ ಸ್ತ್ರೀಲಿಂಗವಿಲ್ಲ, ಅಷ್ಟೆ. 1980ರ ದಶಕದಲ್ಲಿ ಸ್ಟೀಫನ್ ಕ್ರಾಶನ್ ಇನ್ನೊಂದು ಮಾತನ್ನು ಒತ್ತಿ ಹೇಳಿದರು: ವ್ಯಾಕರಣದ ಬಾಯಿಪಾಠಕ್ಕಿಂತ, ತನಗೆ ತಿಳಿದುದಕ್ಕಿಂತ ತುಸುವೇ ಮೇಲಿನ ಮಾತನ್ನು ಭಯವಿಲ್ಲದೆ ಕೇಳಿ ಅರಿಯುವುದರಿಂದ ಭಾಷೆ ಬರುತ್ತದೆ. ಇದರ ಬಗ್ಗೆ ವಾದವಿವಾದಗಳುಂಟು. ಆದರೂ ತರಕಾರಿ ಗಾಡಿಯ ತೆಲುಗನ್ನು ಬಲ್ಲ ನಮಗೆ ಈ ಮಾತು ಅಪರಿಚಿತವೆನಿಸದು.

ಸಾಂಗ್ಲಿ ಜಿಲ್ಲೆಯ ಕುಪ್ವಾಡದ ನಿದರ್ಶನವು ಇನ್ನೂ ಬೋಧಪ್ರದವಾಗಿದೆ. ಅಲ್ಲಿ ಕನ್ನಡ, ಮರಾಠಿ, ಉರ್ದು ಮಾತನಾಡುವವರು ಶತಮಾನಗಳಿಂದ ಒಟ್ಟಿಗಿದ್ದಾರೆ. 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ಪ್ರಕಟಿಸಿದ ಅಧ್ಯಯನದಂತೆ, ನಿತ್ಯದ ಬಳಕೆಯಿಂದ ಈ ಮೂರು ನುಡಿಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಆಗಿದ್ದಿತು. ಆದರೂ ಯಾವ ನುಡಿಯೂ ಅಳಿದಿರಲಿಲ್ಲ. ಏಕೆಂದರೆ ಪ್ರತಿಯೊಬ್ಬರೂ ತಮ್ಮ ನುಡಿಯನ್ನು ಮನೆಯೊಳಗೆ ಬಿಡದೆ ಆಡುತ್ತಿದ್ದರು.

ಈಗ ನಮ್ಮ ಮನೆಗಳ ಕಡೆ ತಿರುಗೋಣ. 2018ರ ಕಾಯಿದೆಯಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ, ಅದು ನ್ಯಾಯವೇ. ಇಂಗ್ಲಿಷು ಪಾಠದಿಂದ, ಹಿಂದಿ ಗೆಳೆಯರಿಂದ ಬರುತ್ತದೆ. ನಮ್ಮ ಮಕ್ಕಳ ತೆಲುಗಿನ ಬಗ್ಗೆ ಚಿಂತೆ ಬೇಡ, ಚಿಂತೆ ಕನ್ನಡದ್ದು. ನಾವು ಎಚ್ಚರ ತಪ್ಪಿದರೆ ಅವರಿಗೆ ಕನ್ನಡವೇ ಪ್ರಯತ್ನಪಟ್ಟು ಕಲಿಯಬೇಕಾದ ಎರಡನೆಯ ಭಾಷೆಯಾದೀತು. ವ್ಯವಹಾರವಿಲ್ಲದ ಖಾತೆ ಕಾಲಕ್ರಮದಲ್ಲಿ ನಿಷ್ಕ್ರಿಯವಾಗುವುದನ್ನು ನಾವು ಬ್ಯಾಂಕಿನವರು ದಿನವೂ ಕಾಣುತ್ತೇವೆ. ಭಾಷೆಯ ಗತಿಯೂ ಅದೇ.

ಉಪಾಯ ಕಷ್ಟದ್ದಲ್ಲ. ಮಗು ತೆಲುಗಿನಲ್ಲಿ ಉತ್ತರ ಕೊಟ್ಟರೂ ನಾವು ಕನ್ನಡದಲ್ಲಿಯೇ ಮಾತು ಮುಂದುವರಿಸೋಣ; ತಪ್ಪಾಡಿದರೆ ನಗದಿರೋಣ. ಅಜ್ಜಿಯೊಡನೆ ಫೋನಿನಲ್ಲಿ ಮಾತನಾಡುವ ಕೆಲಸವನ್ನು ಮಗುವಿಗೇ ಬಿಡೋಣ. ತೆಲುಗು ಕನ್ನಡ ಲಿಪಿಗಳು ಒಂದೇ ಮೂಲದವು. ಒಂದನ್ನು ಬಲ್ಲ ಮಗುವಿಗೆ ಇನ್ನೊಂದು ಅರ್ಧ ಕೈವಶವಾದಂತೆಯೇ. ದಿನಕ್ಕೆ ನಾಲ್ಕು ಸಾಲು ಓದಿಸಿದರೆ ಸಾಕು.

ಜಿನವಲ್ಲಭನು ಮೂರು ನುಡಿಗಳನ್ನು ಒಂದೇ ಬಂಡೆಯ ಮೇಲೆ ಸರಿಸಮನಾಗಿ ನಿಲ್ಲಿಸಿದನು. ನಮ್ಮ ಮನೆಗಳಲ್ಲಿ ಅಷ್ಟು ಸ್ಥಳವಿಲ್ಲವೇ? ಈ ರಾಜ್ಯೋತ್ಸವದ ದಿನ ಧ್ವಜದೊಡನೆ ನಾಲಗೆಯ ಮೇಲಿನ ಕನ್ನಡವನ್ನೂ ಎತ್ತಿಹಿಡಿಯೋಣ.