ಚೆಂಗ್‌ಜೊಂಗ್‌ತ್ಸುನ್
‘ಚೆಂಗ್’ ಎಂದರೆ ಮೂಲತಃ ಕೋಟೆಗೋಡೆ, ತರುವಾಯ ಗೋಡೆಯೊಳಗಣ ನಗರ. ‘ಜೊಂಗ್’ ನಡು, ‘ತ್ಸುನ್’ ಹಳ್ಳಿ. ನಗರಮಧ್ಯದ ಗ್ರಾಮವೆಂದು ಅರ್ಥಕೊಡುವ ಈ ಚೀನೀ ಪದದ ಹಿನ್ನೆಲೆಯಲ್ಲಿರುವುದು ಭೂಶಾಸನ. ನಗರದ ನೆಲ ಪ್ರಭುತ್ವದ್ದು, ಹಳ್ಳಿಯ ನೆಲ ಗ್ರಾಮಸಮುದಾಯದ್ದು ಎಂದು 1982ರ ಸಂವಿಧಾನವು ವಿಧಿಸಿರಲಾಗಿ, ಶೆನ್‌ಜೆನ್, ಗುವಾಂಗ್‌ಜೌಗಳಂಥ ನಗರಗಳು ಹಬ್ಬುತ್ತ ಹೋದಂತೆ ಸರಕಾರವು ಗದ್ದೆಗಳನ್ನು ಸ್ವಾಧೀನಪಡಿಸಿಕೊಂಡು, ಹೆಚ್ಚಿನ ಪರಿಹಾರವನ್ನು ಬೇಡುವ ಮನೆನಿವೇಶನಗಳನ್ನು ಮುಟ್ಟದೆ ಬಿಟ್ಟಿತು. ಉಳುವ ನೆಲವನ್ನು ಕಳೆದುಕೊಂಡ ರೈತರಾದರೋ ಆ ನಿವೇಶನಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತನ್ನೇರಿಸಿ, ‘ಹುಕೌ’ ಎಂಬ ನಿವಾಸ ನೋಂದಣಿ ಆ ಊರಿನಲ್ಲಿಲ್ಲದ ಕಾರಣ ನಗರದ ಸವಲತ್ತುಗಳಿಗೆ ಹೊರಗಾಗಿದ್ದ ವಲಸೆ ಕಾರ್ಮಿಕರಿಗೆ ಕೋಣೆಗಳನ್ನು ಬಾಡಿಗೆಗಿತ್ತರು. ಎದುರುಬದುರು ಕಿಟಕಿಗಳಿಂದ ಕೈಚಾಚಿ ಹಸ್ತಲಾಘವ ಮಾಡಬಹುದೆನ್ನುವಷ್ಟು ಒತ್ತಾದ ಈ ಕಟ್ಟಡಗಳಿಗೆ ಜನರಿಟ್ಟ ಹೆಸರು ‘ವೋಶೌಲೌ’, ಅಂದರೆ ಕೈಕುಲುಕುವ ಮನೆ. ಇಷ್ಟು ಸರಸವಾದ ಮಾತು ಆಡಳಿತದ ಕಡತಗಳಲ್ಲಿ ದುರ್ಲಭವೇ ಸರಿ. ಅವಕ್ಕೆ ಪ್ರಿಯವಾದುದು ‘ಗೈಜಾವ್’, ಎಂದರೆ ಪರಿವರ್ತನೆ. ಗುವಾಂಗ್‌ಜೌವಿನ ಲಿಯೆದೆ ಗ್ರಾಮವನ್ನು 2010ರ ಏಷ್ಯನ್ ಕ್ರೀಡಾಕೂಟಕ್ಕೆ ಮುಂಚೆ ಕೆಡವಿ, ಮೂಲನಿವಾಸಿಗಳಿಗೆ ಬಹುಮಹಡಿಯ ವಸತಿಗಳನ್ನಿತ್ತಾಗ, ಬಾಡಿಗೆದಾರರು ಆ ಪರಿವರ್ತನೆಯ ಲೆಕ್ಕಕ್ಕೆ ಸೇರಿರಲಿಲ್ಲ. 2023ರಲ್ಲಿ ಕೇಂದ್ರ ಸರಕಾರವು ಮಹಾನಗರಗಳಲ್ಲಿ ಇದೇ ಕಾರ್ಯಕ್ಕೆ ಪುನಃ ಉತ್ತೇಜನವಿತ್ತುದರಿಂದ ‘ಚೆಂಗ್‌ಜೊಂಗ್‌ತ್ಸುನ್’, ‘ಗೈಜಾವ್’ ಎಂಬ ಎರಡು ಪದಗಳೂ ಈಗ ಜೊತೆಜೊತೆಯಾಗಿಯೇ ಕೇಳಿಬರುತ್ತವೆ.