ಇಗರ್ಜಿ

ಚರ್ಚಿಗೆ ಕರಾವಳಿಯ ಕಥೋಲಿಕರ ಮನೆಮಾತಾದ ‘ಇಗರ್ಜಿ’ ಪೋರ್ಚುಗೀಸರ ‘ಇಗ್ರೇಜಾ’ದಿಂದ ಕೊಂಕಣಿಯ ಮೂಲಕ ಬಂದದ್ದು. ಅದರ ಹಿಂದೆ ಲ್ಯಾಟಿನ್, ಅದಕ್ಕೂ ಹಿಂದೆ ಗ್ರೀಕಿನ ‘ಎಕ್ಲೇಸಿಯಾ’. ಅಥೆನ್ಸಿನಲ್ಲಿ ಅದು ನಾಗರಿಕರ ಸಭೆಯ ಹೆಸರು.

ಈ ಪದವನ್ನು ಧರ್ಮಗ್ರಂಥಕ್ಕೆ ತಂದವರು ಯೆಹೂದ್ಯರು. ಕ್ರಿ.ಪೂ. 3ನೆಯ ಶತಮಾನದಿಂದ ತಮ್ಮ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಿರುಗಿಸುವಾಗ ‘ಕಾಹಾಲ್’ ಎಂಬಲ್ಲಿ ಅವರು ಅನೇಕ ಕಡೆ ಇದನ್ನೇ ಬಳಸಿದರು. ಹೋರೇಬ್ ಬೆಟ್ಟದ ಬುಡದಲ್ಲಿ ದೇವರ ಮಾತು ಕೇಳಲು ಕೂಡಿದ ಇಸ್ರಾಯೇಲ್ಯರ ಸಮೂಹವೇ ಕಾಹಾಲ್. ಅಪೊಸ್ತಲರ ಕೃತ್ಯಗಳ 7ನೆಯ ಅಧ್ಯಾಯದಲ್ಲಿ ಸ್ತೆಫನನೂ ಅರಣ್ಯದಲ್ಲಿದ್ದ ಆ ಜನರನ್ನು ಎಕ್ಲೇಸಿಯಾ ಎಂದೇ ಕರೆಯುತ್ತಾನೆ. ಸಭೆಯ ಬೇರು ಅಷ್ಟು ಆಳದಲ್ಲಿದೆ ಎಂಬುದನ್ನು ಕ್ರೈಸ್ತರು ಎಷ್ಟು ಸಲ ನೆನೆದರೂ ಕಡಿಮೆಯೇ.

ಮೊದಲ ವಿಶ್ವಾಸಿಗಳು ಸೇರುತ್ತಿದ್ದದ್ದು ಮನೆಗಳಲ್ಲಿ. ಕಟ್ಟಡದ ಅರ್ಥ ಆಮೇಲಿನದು. ಹೀಗೆ ಕೂಡುವ ಸಭೆ ಯಾತಕ್ಕೆ? ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯ ನೇರವಾಗಿ ಹೇಳುತ್ತದೆ: ದೇವಜನರನ್ನು ಸೇವೆಗೆ ಸಿದ್ಧಮಾಡಲು, ಕೂಸುಗಳಾಗಿಯೇ ಉಳಿಯದೆ ಅವರು ಪ್ರಾಯಕ್ಕೆ ಬರಲು. ಅದೂ ಎಲ್ಲರೂ ಒಂದೇ ದೇಹವಾಗಿ ಬೆಳೆಯುವ ಪ್ರಾಯ. ಒಬ್ಬೊಬ್ಬರೇ ಮುಟ್ಟುವ ಗುರಿ ಅದಲ್ಲ.

ಕನ್ನಡ ಬೈಬಲಿನ ಅನುವಾದಕರು ಎಕ್ಲೇಸಿಯಾಕ್ಕೆ ‘ಸಭೆ’ ಎಂದರು. ಇಗರ್ಜಿ, ಚರ್ಚು ಕಟ್ಟಡದ ಹೆಸರಾಗಿರಲಿ. ಮೂಲಕ್ಕೆ ಹತ್ತಿರವಾದದ್ದು ‘ಸಭೆ’ಯೇ.