ಮೆಡೋಸ್ ಟೇಲರ್ ಪತ್ನಿ ಮೇರಿ ಪಾಮರ್: ದೆಹಲಿಯ ಅಜ್ಜಿಯವರೆಗೆ ಒಂದು ವಂಶದ ಜಾಡು

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಇತಿಹಾಸ ಓದಿದವರಿಗೆ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ ಹೆಸರು ಹೊಸದಲ್ಲ. ಜೇವರ್ಗಿಯ ದಕ್ಷಿಣಕ್ಕಿರುವ ಸುರಪುರದಲ್ಲಿ ಬಾಲಕ ಅರಸ ವೆಂಕಟಪ್ಪ ನಾಯಕನ ಕಾಲದಲ್ಲಿ ಆಡಳಿತ ನಡೆಸಿ, 1853ರಲ್ಲಿ ಅಧಿಕಾರವನ್ನು ಅರಸನಿಗೆ ಒಪ್ಪಿಸಿದ ಅಧಿಕಾರಿ ಅವರು. ಅನಂತರ ಆಳಂದದ ವಾಯವ್ಯಕ್ಕಿರುವ ನಳದುರ್ಗ ಸೀಮೆಯ ಹೊಣೆ ಹೊತ್ತರು. ಸುರಪುರದ ಬೆಟ್ಟದ ಮೇಲಿನ ಟೇಲರ್ ಮಂಜಿಲ್ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಆದರೆ ಅವರ ಪತ್ನಿ ಮೇರಿ ಪಾಮರ್ ಯಾರ ಮನೆಯ ಮಗಳು ಎಂಬುದನ್ನು ವಿಚಾರಿಸಿದವರು ವಿರಳ.

ಮೇರಿಯ ತಂದೆ ವಿಲಿಯಂ ಪಾಮರ್ (1780-1867) ಹೈದರಾಬಾದಿನ ಪ್ರಸಿದ್ಧ ಲೇವಾದೇವಿದಾರ. ನಿಜಾಮ ಸರ್ಕಾರಕ್ಕೇ ಸಾಲ ಕೊಟ್ಟ ಪಾಮರ್ ಕಂಪನಿಯ ಒಡೆಯ. ರೆಸಿಡೆಂಟ್ ಚಾರ್ಲ್ಸ್ ಮೆಟ್ಕಾಫ್ ಈ ವ್ಯವಹಾರದ ವಿರುದ್ಧ ನಿಂತ ಬಳಿಕ, 1820ರ ದಶಕದಲ್ಲಿ ಕಂಪನಿ ಕುಸಿಯಿತು. ಲೇವಾದೇವಿಗೆ ಇಳಿಯುವ ಮುನ್ನ ವಿಲಿಯಂ ನಿಜಾಮನ ಸೇನೆಯಲ್ಲಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ಏಕೆ ಇರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಅವರ ತಾಯಿಯ ಕಡೆಗೆ ಕರೆದೊಯ್ಯುತ್ತದೆ. ತಂದೆ ಅಥವಾ ತಾಯಿ ಭಾರತೀಯರಾಗಿದ್ದವರಿಗೆ ಕಂಪನಿಯ ಅಧಿಕಾರಿ ಹುದ್ದೆಗಳು 1791ರಿಂದಲೇ ಮುಚ್ಚಿದ್ದವು.

ಆ ತಾಯಿಯೇ ಫೈಜ್ ಬಕ್ಷ್ ಬೇಗಂ, ಮೇರಿಯ ಅಜ್ಜಿ. ದೆಹಲಿ ಮೂಲದ ಈಕೆ ಲಖನೌದಲ್ಲಿದ್ದಾಗ ವಾರನ್ ಹೇಸ್ಟಿಂಗ್ಸ್ ಅವರ ಆಪ್ತನಾಗಿದ್ದ ವಿಲಿಯಂ ಪಾಮರ್ ಎಂಬ ಸೇನಾಧಿಕಾರಿಯ ಸಂಗಾತಿಯಾದರು. ಮುಂದೆ ಜನರಲ್ ಆದ ಇವರು ಪುಣೆಯಲ್ಲಿ ಪೇಶ್ವೆಯ ಆಸ್ಥಾನದ ರೆಸಿಡೆಂಟ್ ಆಗಿದ್ದರು. 1816ರಲ್ಲಿ ತೀರಿಕೊಂಡ ಜನರಲ್ ತಮ್ಮ ಉಯಿಲಿನಲ್ಲಿ ಆಕೆಯನ್ನು ಮೂವತ್ತೈದು ವರ್ಷಗಳಿಗೂ ಮೀರಿದ ಪ್ರೀತಿಯ ಒಡನಾಡಿ ಎಂದು ಹೆಸರಿಸಿದ್ದಾರೆ. 'ಪತ್ನಿ' ಎಂಬ ಪದ ಬಳಸಿಲ್ಲ. ವಂಶವೃಕ್ಷ ಬರೆಯುವವರಿಗೆ ಇಂತಹ ಒಂದು ಪದದ ಆಯ್ಕೆಯೂ ದೊಡ್ಡ ಸಾಕ್ಷ್ಯ. ಬೇಗಂ ಅವರನ್ನು ರಾಜಕುಮಾರಿ ಎನ್ನುವ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಆದರೆ ಸಂಶೋಧಕರು ಆಕೆಯನ್ನು ಅರಮನೆಯ ಮಗಳೆಂದಲ್ಲ, ಸೈನಿಕ ಮನೆತನದವಳೆಂದು ಗುರುತಿಸುತ್ತಾರೆ. ರಾಜವಂಶದ ಕಥೆ ಯಾಕೆ ಹುಟ್ಟಿತೆಂದು ಊಹಿಸುವುದು ಕಷ್ಟವಲ್ಲ: ಮಿಶ್ರ ರಕ್ತದ ಮನೆತನಕ್ಕೆ ಬಾಗಿಲು ಮುಚ್ಚಿದ ಕಾಲದಲ್ಲಿ ಅಜ್ಜಿಯ ಅಂತಸ್ತು ಮೊಮ್ಮಕ್ಕಳಿಗೆ ಮರ್ಯಾದೆಯ ಆಸರೆಯಾಗಬಲ್ಲದು.

ಈ ಕುಟುಂಬವನ್ನು 1785ರ ಸುಮಾರಿಗೆ ಬಿಡಿಸಿದ ಚಿತ್ರವೊಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಜನರಲ್ ಬದಿಯಲ್ಲಿ ಬೇಗಂ ಕುಳಿತಿದ್ದಾರೆ, ಜೊತೆಗೆ ಮಕ್ಕಳಿದ್ದಾರೆ. ಅಲ್ಲಿನ ಪುಟ್ಟ ಹುಡುಗಿಯ ಹೆಸರೂ ಮೇರಿ. ಅವಳು ಟೇಲರ್ ಪತ್ನಿಯಲ್ಲ, ಸೋದರತ್ತೆ. ಕಲ್ಕತ್ತೆಯ ಶ್ರೀಮಂತ ವರ್ತಕ ಜಾನ್ ಪಾಮರ್ ಕೂಡ ಇದೇ ಮನೆಯವರು, ಆದರೆ ಜನರಲ್‌ರ ಮೊದಲ ಪತ್ನಿಯ ಮಗ. ತಂದೆ-ಮಗ ಇಬ್ಬರೂ ವಿಲಿಯಂ, ಅತ್ತೆ-ಸೊಸೆ ಇಬ್ಬರೂ ಮೇರಿ! ಹೆಸರಿನ ಜೊತೆಗೆ ಊರು, ಇಸವಿಗಳನ್ನು ತಾಳೆ ನೋಡದಿದ್ದರೆ ಇಂತಹ ಮನೆತನದಲ್ಲಿ ದಾರಿ ತಪ್ಪುವುದು ಖಚಿತ.

ಫೈಜ್ ಬಕ್ಷ್ 1828ರಲ್ಲಿ ಹೈದರಾಬಾದಿನಲ್ಲಿ ನಿಧನರಾದರು. ಮೊಮ್ಮಗಳು ಮೇರಿ ಟೇಲರ್ ಅವರನ್ನು ವರಿಸಿದ್ದು 1830ರ ದಶಕದಲ್ಲಿ. 1876ರಲ್ಲಿ ಟೇಲರ್ ತೀರಿಕೊಂಡ ಮರುವರ್ಷ ಅವರ ಆತ್ಮಕಥೆಯನ್ನು ಸಂಪಾದಿಸಿ ಹೊರತಂದವರು ಮಗಳು ಆಲಿಸ್. ಸುರಪುರದ ಬಗ್ಗೆ ಬರೆಯುವವರೆಲ್ಲ ಇಂದಿಗೂ ತಿರುವಿ ಹಾಕುವ ಆ ಪುಸ್ತಕವನ್ನು ಅಚ್ಚಿಗೆ ಸಿದ್ಧಪಡಿಸಿದ ಕೈ ಫೈಜ್ ಬಕ್ಷ್ ಬೇಗಂ ಅವರ ಮರಿಮಗಳದು.